ಒಂದೇ ಬಾಖ್, ಎರಡು ಶ್ರುತಿ

ಪ್ರಶ್ನೆ: ಬಾಖ್‌ನ ಬ್ರಾಂಡೆನ್‌ಬರ್ಗ್ ಕನ್ಸರ್ಟೋಗಳ ಎರಡು ಸಿ.ಡಿ.ಗಳು ನನ್ನಲ್ಲಿವೆ. ಒಂದು ಕಾರ್ಲ್ ರಿಕ್ಟರ್ ಅವರ ನಿರ್ದೇಶನದ್ದು, ಇನ್ನೊಂದು ಟ್ರೆವರ್ ಪಿನಾಕ್ ಅವರದು. ಎರಡನೆಯದರ ಶ್ರುತಿ ತಗ್ಗಾಗಿ ಕೇಳಿಸುತ್ತದೆ. ಇದು ಡಿಸ್ಕಿನ ದೋಷವೇ? 'ಆ ಕಾಲದ ವಾದ್ಯಗಳಲ್ಲಿ ನುಡಿಸಿದ್ದು' ಎಂದರೆ ಮುನ್ನೂರು ವರ್ಷ ಹಳೆಯ ವಾದ್ಯಗಳೆಂದು ಅರ್ಥವೇ?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಗುರುತಿಸಿದೆ, ಡಿಸ್ಕಿನಲ್ಲಿ ದೋಷವೇನೂ ಇಲ್ಲ. ಯಂತ್ರ ನಿಧಾನವಾಗಿ ತಿರುಗಿ ಶ್ರುತಿ ಅರ್ಧ ಸ್ವರ ಇಳಿದಿದ್ದರೆ ವೇಗವೂ ಸುಮಾರು ಶೇ. 6ರಷ್ಟು ತಗ್ಗಿ, ಸಂಗೀತ ಎಳೆದಂತೆ ಆಗಬೇಕಿತ್ತು. ಪಿನಾಕ್ ಅವರ ನಡೆ ಚುರುಕಾಗಿಯೇ ಇದೆಯಲ್ಲ!

ಇಂದಿನ ಆರ್ಕೆಸ್ಟ್ರಾಗಳು 'ಎ' ಸ್ವರವನ್ನು ಸುಮಾರು 440 ಹರ್ಟ್ಸ್‌ಗೆ ಹೊಂದಿಸಿಕೊಳ್ಳುತ್ತವೆ. 1939ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆ ಒಪ್ಪಿದ ಅಳತೆ ಅದು. ಬಾಖ್‌ನ ಕಾಲದಲ್ಲಿ ಇಂಥ ಒಂದೇ ಅಳತೆ ಇರಲಿಲ್ಲ. ಊರಿಗೊಂದು, ಚರ್ಚಿಗೊಂದು ಶ್ರುತಿ. ಇಂದು ಬರೋಕ್ ಸಂಗೀತ, ಅಂದರೆ ಬಾಖ್‌ನ ಯುಗದ ಸಂಗೀತ, ನುಡಿಸುವ ತಂಡಗಳು ಅನುಕೂಲಕ್ಕಾಗಿ 415 ಹರ್ಟ್ಸ್ ಅನ್ನು ಒಪ್ಪಿಕೊಂಡಿವೆ. ಅದು 440ಕ್ಕಿಂತ ಸರಿಯಾಗಿ ಅರ್ಧ ಸ್ವರ ಕೆಳಗಿರುವುದರಿಂದ, ಹಾರ್ಪ್ಸಿಕಾರ್ಡಿನ ಮನೆಗಳನ್ನು ಒಂದು ಸ್ಥಾನ ಪಕ್ಕಕ್ಕೆ ಸರಿಸಿದರೆ ಎರಡೂ ಶ್ರುತಿಗೆ ಒದಗುತ್ತದೆ. ನಮ್ಮ ಗಾಯಕರು ತಮ್ಮ ಕಂಠಕ್ಕೆ ತಕ್ಕ ಶ್ರುತಿ ಇಟ್ಟುಕೊಂಡರೂ ರಾಗ ಬದಲಾಗದಂತೆ, ಇಲ್ಲಿಯೂ ಕೃತಿ ಅದೇ.

ಆದರೆ ಶ್ರುತಿಗಿಂತ ಮುಖ್ಯವಾದದ್ದು ವಾದ್ಯಗಳ ನಾದ. ಬರೋಕ್ ಪಿಟೀಲಿಗೆ ಕುರಿಯ ಕರುಳಿನಿಂದ ಹೊಸೆದ ತಂತಿ, ಬಿಗಿ ಕಡಿಮೆ. ಕಮಾನಿನ ಕೋಲು ಹೊರಕ್ಕೆ ಬಾಗಿರುತ್ತದೆ, ತುದಿ ಹಗುರ. ಹಾಗಾಗಿ ಕಮಾನು ತುದಿಯತ್ತ ಸರಿದಂತೆ ನಾದ ತಾನಾಗಿ ಕ್ಷೀಣಿಸುತ್ತದೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಮಾತಿನ ಪದಗಳಂತೆ ಕೇಳುತ್ತದೆ. ಒಳಕ್ಕೆ ಬಾಗಿದ ಇಂದಿನ ಕಮಾನು ಹದಿನೆಂಟನೆಯ ಶತಮಾನದ ಕೊನೆಗೆ ಪ್ಯಾರಿಸ್ಸಿನ ಟೂರ್ಟ್‌ನ ಕೈಯಲ್ಲಿ ರೂಪುಗೊಂಡದ್ದು. ನಾದವನ್ನು ಉದ್ದಕ್ಕೂ ಒಂದೇ ಬಲದಲ್ಲಿ ಎಳೆಯುವುದು ಅದರಲ್ಲಿ ಸುಲಭ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಇಲ್ಲಿ ಗೊಂದಲ ಸಹಜ, ಅನೇಕರಿಗೆ ಆಗುತ್ತದೆ. ಲೆಕ್ಕಕ್ಕೆ ಬರುವುದು ವಾದ್ಯದ ವಯಸ್ಸಲ್ಲ, ಅದರ ಕಟ್ಟು. ಕ್ರೆಮೋನಾದ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡ, ಬಾಖ್‌ನ ಸಮಕಾಲೀನ. ಆದರೆ ಅವನ ಪಿಟೀಲುಗಳಲ್ಲಿ ಹೆಚ್ಚಿನವು ಮುಂದಿನ ಕಾಲದಲ್ಲಿ ಬದಲಾದವು. ದೊಡ್ಡ ಸಭಾಂಗಣ ತುಂಬುವ ನಾದ ಬೇಕೆಂದು ಕತ್ತನ್ನು ಉದ್ದಮಾಡಿ ಹಿಂದಕ್ಕೆ ವಾಲಿಸಿದರು, ಒಳಗಿನ ಪಟ್ಟಿಯನ್ನು ಬಲಪಡಿಸಿದರು, ತಂತಿಯ ಬಿಗಿ ಹೆಚ್ಚಿಸಿದರು. ಹೀಗಾಗಿ ಇಂದಿನ ವೇದಿಕೆಯ ಸ್ಟ್ರಾಡಿವರಿ ಈ ವಿಷಯದ ಮಟ್ಟಿಗೆ ಆಧುನಿಕ ವಾದ್ಯ. ಹಳೆಯ ಮಾದರಿಯನ್ನು ಅಳೆದು ಕಳೆದ ವರ್ಷವಷ್ಟೇ ಮಾಡಿದ ಪಿಟೀಲು 'ಆ ಕಾಲದ ವಾದ್ಯ'. ಇಂಥ ತಂಡಗಳಲ್ಲಿ ಬಳಕೆಯಾಗುವ ಎಷ್ಟೋ ವಾದ್ಯಗಳು, ವಿಶೇಷವಾಗಿ ಊದುವ ವಾದ್ಯಗಳು, ಹೀಗೆ ಹೊಸದಾಗಿ ಮಾಡಿದ ಪ್ರತಿರೂಪಗಳೇ.

ತುತ್ತೂರಿಯ ವಿಷಯದಲ್ಲಿ ಒಂದು ರಾಜಿಯೂ ಇದೆ. ಬಾಖ್‌ನ ಕಾಲದ ಟ್ರಂಪೆಟ್ಟಿಗೆ ಒತ್ತುವ ಗುಂಡಿಗಳಿರಲಿಲ್ಲ; ಕೊಳವೆ ಇಂದಿನದಕ್ಕಿಂತ ಸುಮಾರು ಎರಡು ಪಟ್ಟು ಉದ್ದ. ಸ್ವರಗಳನ್ನೆಲ್ಲ ತುಟಿಯ ಹಿಡಿತದಿಂದಲೇ ಹೊರಡಿಸಬೇಕು, ಅವುಗಳಲ್ಲಿ ಕೆಲವು ಸ್ವಭಾವತಃ ಅಪಸ್ವರ. ಇದನ್ನು ಸರಿಪಡಿಸಲು ಇಪ್ಪತ್ತನೆಯ ಶತಮಾನದಲ್ಲಿ ಕೊಳವೆಗೆ ಸಣ್ಣ ರಂಧ್ರಗಳನ್ನು ಕೊರೆದರು. 'ಆ ಕಾಲದ ವಾದ್ಯ' ಎಂದು ಅಚ್ಚಾದ ಅನೇಕ ಧ್ವನಿಮುದ್ರಣಗಳಲ್ಲಿ ಕೇಳುವುದು ಈ ರಂಧ್ರವಿರುವ ಟ್ರಂಪೆಟ್ಟನ್ನೇ. ರಂಧ್ರವಿದ್ದರೂ ಅದರ ನಾದ ಮೃದು, ಅದು ಜೊತೆಯವರನ್ನು ತುಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಹಳೆಯ ಮಾದರಿಯ ವಾದ್ಯಗಳಲ್ಲಿ ನುಡಿಸುವ ಪ್ರಯೋಗದ ದೊಡ್ಡ ಲಾಭವೇ ಇದು.

ಬಾಖ್ 1721ರಲ್ಲಿ ಬ್ರಾಂಡೆನ್‌ಬರ್ಗಿನ ಮಾರ್ಗ್ರೇವ್‌ಗೆ ಅರ್ಪಿಸಿದ ಆರು ಕನ್ಸರ್ಟೋಗಳಲ್ಲಿ ಎರಡನೆಯದನ್ನೇ ನೋಡಿ. ಅಲ್ಲಿ ಟ್ರಂಪೆಟ್, ಓಬೋ, ಪಿಟೀಲು ಮತ್ತು ರೆಕಾರ್ಡರ್ ಎಂಬ ಮೆಲುದನಿಯ ಕೊಳಲು, ಈ ನಾಲ್ಕೂ ಸರಿಸಮಾನ. ಆಧುನಿಕ ಟ್ರಂಪೆಟ್ಟಿನ ಪಕ್ಕದಲ್ಲಿ ಆ ಕೊಳಲು ಸುಲಭವಾಗಿ ಮುಳುಗಿಹೋಗುತ್ತದೆ. ಬಾಖ್ ಈ ನಾಲ್ವರನ್ನು ಒಟ್ಟಿಗೆ ಏಕೆ ಕೂಡಿಸಿದ ಎಂಬುದು ಹಳೆಯ ಮಾದರಿಯ ವಾದ್ಯಗಳಲ್ಲಿ ಕೇಳಿದಾಗಲೇ ಸ್ಪಷ್ಟವಾಗುತ್ತದೆ.

ಇದರಿಂದ ರಿಕ್ಟರ್ ಅವರ ಮುದ್ರಣ ತಪ್ಪೆಂದು ತಿಳಿಯಬೇಡಿ. ಅದು ಆಧುನಿಕ ವಾದ್ಯಗಳಲ್ಲಿ ಶ್ರದ್ಧೆಯಿಂದ ಮಾಡಿದ ಕೆಲಸ, ಉಳಿಸಿಕೊಳ್ಳತಕ್ಕದ್ದೇ. ಮೂರನೆಯದೊಂದು ಬೇಕೆನಿಸಿದರೆ, ವಿಯೆನ್ನಾದ ನಿಕೊಲೌಸ್ ಹಾರ್ನನ್‌ಕೂರ್ ಅವರ ತಂಡ 1964ರಲ್ಲಿ ಮಾಡಿದ ಮುದ್ರಣ ಹುಡುಕಿ. ಹಳೆಯ ಮಾದರಿಯ ವಾದ್ಯಗಳ ದಾರಿಯಲ್ಲಿ ಮೊದಲು ನಡೆದವರಲ್ಲಿ ಅವರೂ ಒಬ್ಬರು.

ಸದ್ಯಕ್ಕೆ ನಿಮ್ಮಲ್ಲಿರುವ ಎರಡರಲ್ಲೂ ಎರಡನೆಯ ಕನ್ಸರ್ಟೋದ ಕೊನೆಯ ಭಾಗವನ್ನು ಒಂದರ ಹಿಂದೊಂದು ಹಾಕಿ ಕೇಳಿ. ಟ್ರಂಪೆಟ್ ಎತ್ತಿಕೊಂಡ ರಾಗವನ್ನು ಓಬೋ, ಆಮೇಲೆ ಪಿಟೀಲು, ಕೊನೆಗೆ ರೆಕಾರ್ಡರ್ ಹಿಡಿಯುತ್ತವೆ. ನಾಲ್ಕನೆಯವರು ಬಂದದ್ದು ಯಾವುದರಲ್ಲಿ ಚೆನ್ನಾಗಿ ಕೇಳಿಸಿತೆಂದು ನಮಗೂ ಬರೆದು ತಿಳಿಸಿ.