ಬಿಸಿ ರೊಟ್ಟಿಗೆ ಬಂದ ಗೆಳೆಯರು

ತಮ್ಮಾ, ಚೆನ್ನೈ, ಕೊಲ್ಕತ್ತದ ಗೆಳೆಯರನ್ನು ಎರಡು ದಿನಕ್ಕೆ ಧಾರವಾಡಕ್ಕೆ ಕರೆಸಿದ್ದೀ. ಬಹಳ ಸಂತೋಷ. ಅವರಿಗೆ ತಿನ್ನಿಸಬೇಕೆಂದು ನೀನು ಬರೆದಿಟ್ಟ ಪಟ್ಟಿಯನ್ನೂ ನೋಡಿದೆ. ಅದರಲ್ಲಿ ಅರ್ಧ ಅಳಿಸಿಬಿಡು. ನಮ್ಮ ಊಟ ಕೂತು ಉಣ್ಣುವಂಥದ್ದು. ಊರೆಲ್ಲ ಸುತ್ತುತ್ತ ಅಲ್ಲೊಂದು ತುತ್ತು ಇಲ್ಲೊಂದು ತುತ್ತು ತಿಂದರೆ ಅದರ ರುಚಿ ಹತ್ತುವುದಿಲ್ಲ. ಮಧ್ಯಾಹ್ನ ಒಂದು ಊಟ, ಸಂಜೆಗೊಂದು ತಿನಿಸು, ಸಾಕು.

ಮೊದಲ ದಿನವೇ ಖಾನಾವಳಿಗೆ ಕರೆದುಕೊಂಡು ಹೋಗು, ಗದ್ದಲ ಏರುವ ಮುಂಚೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದಿ, ಕೈಯಿಂದ ಬಡಿಯುತ್ತಾರೆ. ಹಂಚಿನ ಮೇಲೆ ಉಬ್ಬಿದ ರೊಟ್ಟಿ ತಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೇ ಬಿರುಸಾಗುತ್ತದೆ. ಹಾಗಾಗಿ ಒಂದೊಂದೇ ನೀಡಲು ಹೇಳು. ಫೋಟೋ ಆಮೇಲೆ. ಅನ್ನ ಉಂಡು ಬೆಳೆದವರಿಗೆ ಎರಡು ರೊಟ್ಟಿಗೇ ಹೊಟ್ಟೆ ತುಂಬಬಹುದು. ‘ಇನ್ನೊಂದು ಹಾಕಿಸಿಕೊ’ ಎಂದು ಬೆನ್ನು ಹತ್ತಬೇಡ. ನಮ್ಮಲ್ಲಿ ಒತ್ತಾಯ ಮಾಡುವುದು ಪ್ರೀತಿ. ಹೊಸಬರಿಗೆ ಅದು ಸಂಕಟ.

ಖಾರದ ವಿಷಯದಲ್ಲಂತೂ ಬಹಳ ಎಚ್ಚರವಿರಲಿ. ಬಂದವರನ್ನು ಪಂದ್ಯಕ್ಕೆಳೆದು, ಅವರ ಕಣ್ಣಲ್ಲಿ ನೀರು ಬರಿಸಿ ನಗುವುದು ನನಗೆ ಸೇರುವುದಿಲ್ಲ. ಚಟ್ನಿಯ ಕೆಂಪು ನೋಡಿ ಅವರು ಹೆದರಿದರೆ ತಿಳಿಸಿ ಹೇಳು: ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಬಣ್ಣಕ್ಕೇ ಹೆಸರಾದ ಕಾಯಿ ಅದು, 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆದಿದೆ. ಅಂಜಬೇಕಾದದ್ದು ಹಸಿಮೆಣಸಿನಕಾಯಿಯ ಖಾರಕ್ಕೆ. ಖಾರ ಹತ್ತಿದವರಿಗೆ ನೀರು ಕೊಡಬೇಡ, ಮೊಸರು ಕೊಡು. ನೀರು ಉರಿ ತಣಿಸುವುದಿಲ್ಲ.

ಇನ್ನೊಂದನ್ನು ಮರೆಯದೆ ಮೊದಲೇ ಕೇಳು. ಶೇಂಗಾ ಆಗದವರು ಯಾರಾದರೂ ಇದ್ದಾರೆಯೇ? ನಮ್ಮ ಚಟ್ನಿಪುಡಿಯಲ್ಲಿ ಶೇಂಗಾ, ಬದನೆಕಾಯಿ ಎಣ್ಣೆಗಾಯಿಯಲ್ಲಿ ಶೇಂಗಾ, ಹೋಳಿಗೆಯಲ್ಲೂ ಶೇಂಗಾ. ಕೆಲವರಿಗೆ ಅದು ಜೀವಕ್ಕೇ ಅಪಾಯ. ಅಂಥವರಿದ್ದರೆ ಖಾನಾವಳಿಯವರಿಗೆ ಮುಂಚೆಯೇ ತಿಳಿಸು. ಅವರಿಗೂ ಖಾತ್ರಿ ಇಲ್ಲದಿದ್ದರೆ ಆ ಗೆಳೆಯನಿಗೆ ಮನೆಯಲ್ಲೇ ಅಡುಗೆ ಮಾಡಿಸೋಣ.

ತಟ್ಟೆಯ ಬದಿಯಲ್ಲಿ ಇಡುವ ಹಸಿ ಉಳ್ಳಾಗಡ್ಡಿ, ಮೆಂತ್ಯದ ತಪ್ಪಲು, ಹಕ್ಕರಕಿ ಅಲಂಕಾರಕ್ಕೆಂದು ತಿಳಿದು ಅವರು ಬಿಟ್ಟುಬಿಡುತ್ತಾರೆ. ನೀನು ಮೊದಲು ತಿಂದು ತೋರಿಸು. ಕಡಲೆಹಿಟ್ಟಿನ ಜುಣಕದ ಜೊತೆ ಒಂದು ಎಲೆ ಹಕ್ಕರಕಿ ಕಡಿದರೆ ಈ ಎರೆಭೂಮಿಯ ಹೊಲದ ರುಚಿಯೇ ಬಾಯಿಗೆ ಬಂದಂತೆ.

ಸಂಜೆಗೆ ಗಿರಮಿಟ್ಟು, ಮಿರ್ಚಿ, ಚಹಾ. ಗಿರಮಿಟ್ಟನ್ನು ಕಟ್ಟಿಸಿಕೊಂಡು ಹೋಗಬೇಡ. ಹುಣಸೆ, ಬೆಲ್ಲದ ಹಸಿ ತಾಗಿದ ಚುರುಮುರಿ ದಾರಿಯಲ್ಲೇ ಮೆತ್ತಗಾಗುತ್ತದೆ. ಕಲಸಿಕೊಟ್ಟ ಜಾಗದಲ್ಲೇ ನಿಂತು ತಿನ್ನಿ.

ಪೇಢೆ ಕೊನೆಯ ದಿನಕ್ಕಿರಲಿ. ಲೈನ್ ಬಜಾರಿನ ಸಾಲಿನಲ್ಲಿ ಅವರನ್ನೂ ನಿಲ್ಲಿಸಿಕೋ, ಕಾಯುವಾಗ ಅದರ ಕಥೆ ಹೇಳು. ಪ್ಲೇಗಿಗೆ ಹೆದರಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ ಮನೆತನ ಇಲ್ಲಿ ಪೇಢೆ ಶುರು ಮಾಡಿತು ಎಂಬುದು ಊರಿನ ಮಾತು. ಖೋವಾ ಕಂದಾಗುವವರೆಗೆ ಹುರಿಯುವುದರಿಂದ ಆ ಬಣ್ಣ, ಆ ಪರಿಮಳ. ಹಾಗೆಯೇ ಕೊಲ್ಕತ್ತದವನಿಗೆ ಅವನ ಊರಿನ ಸಂದೇಶ್ ಎಂಬ ಸಿಹಿಯ ಬಗ್ಗೆ ಕೇಳು. ಅವರು ಹಾಲು ಒಡೆಸಿ ಛೇನಾದಲ್ಲಿ ಮಾಡುತ್ತಾರೆ, ನಾವು ಹಾಲು ಬತ್ತಿಸಿ ಖೋವಾದಲ್ಲಿ. ಇಂಥ ಮಾತು ಬೆಳೆದರೆ ಸಾಲು ಎಷ್ಟು ಉದ್ದವಿದ್ದರೂ ಬೇಸರವಾಗದು.

ರೈಲಿಗೆ ಬುತ್ತಿಯಾಗಿ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕೊಟ್ಟು ಕಳಿಸು, ಬೇಗ ಕೆಡುವುದಿಲ್ಲ. ರೊಟ್ಟಿ ಚೆನ್ನಾಗಿ ಆರಿ ಗರಿಯಾಗಲು ಸಮಯ ಬೇಕು, ನಿಮ್ಮವ್ವನಿಗೆ ಇವತ್ತೇ ಹೇಳು. ಜೋಳ ಬೀಸಿಸಿಕೊಂಡು ಬರುವ ಕೆಲಸ ಮಾತ್ರ ನಿನ್ನದು.