ಕೊಂಕಲ್ ದಾರಿಯ ಬುತ್ತಿ

ಮಗಳೇ,

ಹೋದ ರವಿವಾರ ನೀನು ಯಾದಗಿರಿಯಿಂದ ಕೊಂಕಲ್ಲಿಗೆ ಸೈಕಲ್ ತುಳಿದುಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕುಸಿದು ಕುಂತಾಗ ನಿನ್ನ ಕಾಕಿ ಗಾಬರಿಯಾದಳು. ನನಗೆ ಗಾಬರಿಯಾಗಲಿಲ್ಲ. ಒಣಗಿದ ತುಟಿ, ಸಣ್ಣಗೆ ನಡುಗುವ ಕೈ, ಯಾರು ಮಾತಾಡಿಸಿದರೂ ಸಿಡುಕು. ಇದು ಜಡ್ಡಲ್ಲ, ಖಾಲಿ ಹೊಟ್ಟೆ ಅಂತ ನೋಡಿದ ಕೂಡಲೇ ಗೊತ್ತಾಯಿತು. "ಮುಂಜಾನೆ ಏನ್ ತಿಂದೀ ಅವ್ವಾ?" ಅಂದರೆ, "ಏನಿಲ್ಲ ಕಾಕಾ, ಬರೀ ಚಾ. ತೂಕ ಇಳಿಸಬೇಕಾಗ್ಯದ" ಅಂದಿ. ಅರ್ಧ ತಾಸಿನ ಮೇಲೆ ಅದೇ ಕಟ್ಟೆಯ ಮೇಲೆ ಕುಂತು ಆರು ಮಿರ್ಚಿ ಭಜಿ ಮುಗಿಸಿದಿ. ಎಣಿಸಿದವನು ನಾನೇ. ಆಗಲೇ ಹೇಳಬೇಕೆಂದಿದ್ದೆ, ಉಣ್ಣುವವರ ಮುಂದೆ ಉಣ್ಣುವ ಮಾತು ಆಡಬಾರದೆಂದು ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ.

ನಾನೇನು ಡಾಕ್ಟರಲ್ಲ. ಆದರೆ ಈ ಸೀಮೆಯ ಹಳ್ಳಿಗಳಿಗೆ ವರ್ಷಗಟ್ಟಲೆ ಸೈಕಲ್ ಮೇಲೆ ಟಪಾಲು ಹಂಚಿದವನು. ಆಗಿನ ಸೈಕಲ್ಲಿಗೆ ಗೇರು ಇರಲಿಲ್ಲ, ಎದುರು ಗಾಳಿ ಬಂದರೆ ನಿಂತು ತುಳಿಯುವುದೊಂದೇ ದಾರಿ. ನೀನು ಎಂಟನೇ ತರಗತಿಯಲ್ಲಿ ಸರ್ಕಾರಿ ಸೈಕಲ್ ಪಡೆದವಳು. 2006-07ರಲ್ಲಿ ಆ ಯೋಜನೆ ಶುರುವಾದಾಗ ನಮ್ಮ ಕಡೆ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ ಮೇಲೆ ಸಾಲಿಗೆ ಹೋಗುವುದನ್ನು ನೋಡಲು ಮುದುಕರು ಕಟ್ಟೆ ಹಿಡಿದು ಕೂಡುತ್ತಿದ್ದರು. ಈಗ ನೌಕರಿ ಸಿಕ್ಕ ಮೇಲೆ ಖುಷಿಗೆ ತುಳಿಯುತ್ತೀ. ತುಳಿ. ಆದರೆ ಉಣ್ಣುವುದನ್ನು ತುಳಿತಕ್ಕೆ ಅಳತೆ ಮಾಡಿ ಉಣ್ಣು. ಹೇಳಬೇಕಾದದ್ದು ಇಷ್ಟೇ, ಮಿಕ್ಕಿದ್ದು ಅದರ ವಿವರ.

ನನಗೆ ಇದು ಗೊತ್ತಾದದ್ದು ಒಂದು ಸಂಕ್ರಾಂತಿಯ ದಿನ. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ನಸುಕಿನಲ್ಲೇ ಹೊರಟಿದ್ದೆ. ದೇವರ ದರ್ಶನವಾಗದೆ ಬಾಯಿಗೆ ಏನೂ ಹಾಕಬಾರದೆಂಬ ಹಟ ಬೇರೆ. ಮೊದಲ ಒಂದೂವರೆ ತಾಸು ಕುದುರೆಯ ಹಾಗೆ ಹೋದೆ. ಆಮೇಲೆ ಯಾರೋ ಕಾಲಿನೊಳಗಿನ ಜೀವ ಹಿಂಡಿ ತೆಗೆದ ಹಾಗೆ ಆಯಿತು. ಸಪಾಟು ರಸ್ತೆ ದಿನ್ನೆಯ ಹಾಗೆ ಕಂಡಿತು, ಕಣ್ಣು ಕತ್ತಲಿಟ್ಟಿತು. ಸೈಕಲ್ ಒಗೆದು ತೊಗರಿ ಹೊಲದ ಬದುವಿನ ಮೇಲೆ ಕುಂತೆ. ರಾಶಿ ಮಾಡುತ್ತಿದ್ದ ಆಯಿಯೊಬ್ಬಳು ಬಂದು ಮುಖ ನೋಡಿ, ಏನೂ ಕೇಳದೆ ಒಂದು ಚೂರು ಬೆಲ್ಲ ಬಾಯಿಗಿಟ್ಟು, ಜೋಳದ ಅಂಬಲಿ ಕುಡಿಸಿದಳು. ಹದಿನೈದು ನಿಮಿಷದಲ್ಲಿ ಎದ್ದು ನಿಂತೆ. ಮಲ್ಲಯ್ಯ ಬದುವಿನ ಮೇಲೇ ದರ್ಶನ ಕೊಟ್ಟ ಅಂತ ಇವತ್ತಿಗೂ ಹೇಳುತ್ತೇನೆ.

ಆದದ್ದು ಏನೆಂದರೆ, ನಾವು ಉಂಡ ಅನ್ನ-ರೊಟ್ಟಿಯ ಪಿಷ್ಟದಲ್ಲಿ ಒಂದಷ್ಟನ್ನು ಮೈ ತನ್ನ ಸ್ನಾಯುಗಳಲ್ಲೂ ಪಿತ್ತಕೋಶದ ನೆರೆಯ ಯಕೃತ್ತಿನಲ್ಲೂ ಗ್ಲೈಕೋಜೆನ್ ಎಂದು ಕೂಡಿಡುತ್ತದೆ. ಜೋರಾಗಿ ತುಳಿದರೆ ಆ ಗಂಟು ಒಂದೂವರೆ-ಎರಡು ತಾಸಿಗೆ ತೀರುತ್ತ ಬರುತ್ತದೆ. ಕೊಬ್ಬು ಎಷ್ಟೇ ಇರಲಿ, ಅದು ಸಾವಕಾಶವಾಗಿ ಉರಿಯುವ ಕೊರಡು, ಪಿಷ್ಟ ಚುರುಕು ಹತ್ತುವ ಪುಳ್ಳೆ. ಪುಳ್ಳೆ ತೀರಿದರೆ ಒಲೆ ಮಂಕಾಗುತ್ತದೆ. ಹಸಿವಾದ ಮೇಲೆ ತಿನ್ನುತ್ತೇನೆ ಅಂದರೆ ತಡವಾಗಿರುತ್ತದೆ.

ಹಾಗಂತ ಪ್ರತಿ ಸಲ ಗಂಟು ಕಟ್ಟಿಕೊಂಡು ಹೊರಡಬೇಕಾಗಿಲ್ಲ. ದಿನಾ ಸಂಜೆ ಅರ್ಧ ತಾಸು, ಮುಕ್ಕಾಲು ತಾಸು ತುಳಿಯುತ್ತೀಯಲ್ಲ, ಅದಕ್ಕೆ ನೀರು ಸಾಕು. ಅದಕ್ಕಾಗಿ ಹೆಚ್ಚಿನ ಒಂದು ತುತ್ತೂ ಬೇಡ. ಆರಾಮಾಗಿ ಒಂದು ತಾಸು ತುಳಿದರೆ ಹೆಚ್ಚುಕಡಿಮೆ 300 ಕ್ಯಾಲೊರಿ ಖರ್ಚು. ಒಂದು ಪ್ಲೇಟ್ ಮಂಡಾಳ ಒಗ್ಗರಣಿ, ಎರಡು ಮಿರ್ಚಿ, ಸಕ್ಕರೆ ಚಾ ಸೇರಿದರೆ ಆ ಲೆಕ್ಕ ದಾಟಿ ಹೋಗುತ್ತದೆ. ತೂಕ ಇಳಿಯದ ಗುಟ್ಟು ಅಲ್ಲಿದೆ, ಮುಂಜಾನೆಯ ಉಪವಾಸದಲ್ಲಿ ಅಲ್ಲ. ಇಳಿಸುವುದಾದರೆ ಸೈಕಲ್ ಮುಟ್ಟದ ದಿನಗಳ ರಾತ್ರಿ ಊಟದಲ್ಲಿ ಇಳಿಸು, ತುಳಿಯುವ ದಿನ ಹೊಟ್ಟೆಗೆ ಮೋಸ ಮಾಡಬೇಡ.

ರವಿವಾರದ ದೊಡ್ಡ ಸವಾರಿಗೆ ತಯಾರಿ ಶನಿವಾರ ರಾತ್ರಿಯೇ ಆಗಬೇಕು. ಆ ರಾತ್ರಿ ಬಿಳಿಜೋಳದ ರೊಟ್ಟಿ, ತೊಗರಿಬ್ಯಾಳಿ, ಒಂದು ಹಿಡಿ ಅನ್ನ, ಮೊಸರು. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ 170 ಕ್ಯಾಲೊರಿ, 5 ಗ್ರಾಂ ಪ್ರೊಟೀನ್ ಸಿಗುತ್ತದೆ. ಜೊತೆಗೆ ಬ್ಯಾಳಿ ಬೇಕೇ ಬೇಕು. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ತೊಗರಿಯಲ್ಲಿ ಅದು ಧಾರಾಳ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದನ್ನು ನಮ್ಮ ಅವ್ವಂದಿರಿಗೆ ಯಾವ ಪುಸ್ತಕವೂ ಕಲಿಸಲಿಲ್ಲ. ನಮ್ಮ ಸೀಮೆಯ ಕಪ್ಪು ನೆಲದ ತೊಗರಿಗೆ 2019ರಲ್ಲಿ ಕಲಬುರಗಿ ತೊಗರಿಬೇಳೆ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ನೀನೋ ಯಾದಗಿರಿಯ ರೂಮಿನಲ್ಲಿ ನೂಡಲ್ಸ್ ಬೇಯಿಸಿಕೊಳ್ಳುತ್ತೀ.

ಅನ್ನವನ್ನು ಬೈಯುವವರ ಮಾತು ಕೇಳಬೇಡ. ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಕಡೆ ಗದ್ದೆ ಹಬ್ಬಿದವು, 2013ರಿಂದ ಅನ್ನಭಾಗ್ಯದ ಅಕ್ಕಿಯೂ ಮನೆಗೆ ಬಂತು. ರೊಟ್ಟಿ ಬಡಿಯುವ ಸಪ್ಪಳ ಕಡಿಮೆಯಾಯಿತೆಂದು ನನಗೂ ಬೇಜಾರಿದೆ. ಆದರೆ ಸೈಕಲ್ ತುಳಿಯುವವರಿಗೆ ಅನ್ನ ವೈರಿಯಲ್ಲ, ಬೇಗ ಅರಗುತ್ತದೆ. ಬ್ಯಾಳಿ, ಪಲ್ಯ ಇಲ್ಲದೆ ತಾಟಿನ ತುಂಬ ಬರೀ ಅನ್ನ ಗುಡ್ಡೆ ಹಾಕುವುದು ತಪ್ಪು.

ಇನ್ನೊಂದು ಮಾತಿಗೆ ನಮ್ಮ ಕಡೆಯವರು ನನ್ನ ಮೇಲೆ ಸಿಟ್ಟಾಗುತ್ತಾರೆ. ದೂರ ಹೋಗುವ ಮುಂಜಾನೆ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಬೇಡ. ಹೊಲದ ಕೆಲಸಕ್ಕೆ ಅದು ಸರಿ, ಹೊಟ್ಟೆಯಲ್ಲಿ ಮಧ್ಯಾಹ್ನದ ತನಕ ನಿಲ್ಲುತ್ತದೆ. ಹಾಗೆ ನಿಲ್ಲುವುದೇ ಸೈಕಲ್ಲಿನ ಮೇಲೆ ತೊಂದರೆ. ಬಗ್ಗಿ ತುಳಿಯುವಾಗ ನಾರು, ಎಣ್ಣೆ, ಖಾರ ಎಲ್ಲ ಮೇಲೆದ್ದು ಎದೆ ಉರಿಸುತ್ತವೆ. ನನಗೆ ಸೈದಾಪುರದ ದಾರಿಯಲ್ಲಿ ಒಮ್ಮೆ ಆದ ಫಜೀತಿ ಕಾಗದದ ಮೇಲೆ ಬರೆಯುವಂಥದ್ದಲ್ಲ. ಹೊರಡುವ ಒಂದು-ಒಂದೂವರೆ ತಾಸು ಮೊದಲು ಒಗ್ಗರಣಿ ಅವಲಕ್ಕಿ, ಇಲ್ಲವೇ ಮಂಡಾಳು, ಇಲ್ಲವೇ ಎರಡು ಇಡ್ಲಿ. ಎಣ್ಣೆ ಕಡಿಮೆ ಇರಲಿ. ಅಷ್ಟು ಬೇಗ ಏಳಲು ಆಗದಿದ್ದರೆ ಒಂದು ಬಾಳೆಹಣ್ಣು ಆದರೂ ತಿಂದು ಹೊರಡು.

ದಾರಿಯ ಬುತ್ತಿಗೆ ಒಂದು ಲೆಕ್ಕವಿದೆ. ಸವಾರಿ ಒಂದೂವರೆ ತಾಸು ದಾಟುವುದಾದರೆ ತಾಸಿಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಮೈಗೆ ಹೋಗಬೇಕು. ಖುಷಿಗೆ ತುಳಿಯುವ ನಿನಗೆ 30 ಸಾಕು. ಹದವಾದ ಬಾಳೆಹಣ್ಣಿನಲ್ಲಿ 25 ಗ್ರಾಂ ಸಿಗುತ್ತದೆ, ಲಿಂಬೆಹಣ್ಣಿನ ಗಾತ್ರಕ್ಕಿಂತ ಸಣ್ಣದಾದ ಬೆಲ್ಲದ ಚೂರಿನಲ್ಲಿ 20 ಗ್ರಾಂ ಹತ್ತಿರ. ಖರ್ಜೂರವೂ ಆದೀತು. ಶೇಂಗಾ ಉಂಡಿ ನಿನಗೆ ಪ್ರೀತಿ ಅಂತ ಗೊತ್ತು. ಅದು ಒಳ್ಳೆಯದೇ, ಆದರೆ ಶೇಂಗಾದ ಅರ್ಧದಷ್ಟು ತೂಕ ಎಣ್ಣೆಯೇ, ಅರಗಲು ತಾಸುಗಟ್ಟಲೆ ಬೇಕು. ಕಾಲು ಸೋಲುವಾಗ ಬೆಲ್ಲ, ಮರದ ನೆರಳಿಗೆ ಇಳಿದು ಕುಂತಾಗ ಉಂಡಿ. ನಲವತ್ತು ನಿಮಿಷಕ್ಕೊಮ್ಮೆ ಹಸಿವಿರಲಿ ಬಿಡಲಿ ಎರಡು ತುತ್ತು ಬಾಯಿಗೆ ಹಾಕು. ನೀನು ಹೇಳಿದ ಆ 200 ಕಿಲೋಮೀಟರಿನ ಬ್ರೆವೆ ಎಂಬ ದೂರದ ಸವಾರಿಗೆ ಹದಿಮೂರೂವರೆ ತಾಸಿನ ಗಡುವಂತೆ. ಅಲ್ಲಿ ಕಾಲಿಗಿಂತ ಹೆಚ್ಚು ಪರೀಕ್ಷೆ ಹೊಟ್ಟೆಗೆ. ಆ ದಿನ ಹೊಸದೇನನ್ನೂ ತಿನ್ನಬೇಡ, ರವಿವಾರದ ದಾರಿಯಲ್ಲಿ ತಿಂದು ಒಗ್ಗಿದ್ದನ್ನೇ ತಿನ್ನು.

ಡಬ್ಬಿಯಲ್ಲಿ ಬರುವ ಶಕ್ತಿಯ ಪುಡಿಗಳ ಬಗ್ಗೆ ನೀನು ಕೇಳಿದ್ದಿ. ನಿನ್ನ ಸವಾರಿಗೆ ಬೇಡ. ಆ ರೊಕ್ಕದಲ್ಲಿ ಒಳ್ಳೆಯ ಟೈರು ಬರುತ್ತದೆ.

ನೀರಿನ ಮಾತು ಮಾತ್ರ ಸಾವಕಾಶ ಓದು. ನಮ್ಮ ಬ್ಯಾಸಿಗಿ ನಿನಗೆ ಹೊಸದಲ್ಲ, ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುತ್ತದೆ. ಸೈಕಲ್ ಮೇಲೆ ಗಾಳಿ ಬೀಸಿ ಬೆವರು ಆರಿಹೋಗುವುದರಿಂದ ಎಷ್ಟು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಒಂದು ದಿನ ಹೊರಡುವ ಮುಂಚೆ ತೂಕ ನೋಡಿಕೋ, ಬಂದ ಮೇಲೆ ಮೈ ಒರೆಸಿಕೊಂಡು ಮತ್ತೆ ನೋಡು. ಒಂದು ಕಿಲೋ ಇಳಿದಿದ್ದರೆ ಕುಡಿದದ್ದಕ್ಕಿಂತ ಸುಮಾರು ಒಂದು ಲೀಟರ್ ಹೆಚ್ಚು ಕಳಕೊಂಡಿದ್ದೀ ಅಂತ ಲೆಕ್ಕ. ಅದನ್ನು ನೋಡಿ "ತೂಕ ಇಳಿಯಿತು" ಅಂತ ಹಿಗ್ಗಬೇಡ, ಅದು ಬರೀ ನೀರು. ಅಂಗಿಯ ಮೇಲೆ ಬಿಳಿ ಗೆರೆ ಬಿದ್ದರೆ ಉಪ್ಪೂ ಹೋಗಿದೆ. ಉಪ್ಪು ಕಳಕೊಂಡ ಮೈಗೆ ಬರೀ ನೀರನ್ನೇ ಲೀಟರುಗಟ್ಟಲೆ ಸುರಿಯುವುದೂ ಅಪಾಯ, ರಕ್ತದಲ್ಲಿ ಉಪ್ಪು ತೆಳುವಾಗಿ ತಲೆ ತಿರುಗುತ್ತದೆ. ಎರಡು ಬಾಟಲಿ ಇಟ್ಟುಕೋ. ಒಂದರಲ್ಲಿ ನೀರು. ಇನ್ನೊಂದರಲ್ಲಿ ಲಿಂಬಿ ಹಿಂಡಿ, ಎರಡು ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು. ಮಜ್ಜಿಗೆ ಬಾಟಲಿಯಲ್ಲಿ ಬಿಸಿಲಿಗೆ ಕೆಡುತ್ತದೆ, ಅದನ್ನು ಮನೆ ಮುಟ್ಟಿದ ಮೇಲೆ ಕುಡಿ. ದಾರಿಯಲ್ಲಿ ಕಂಡ ಬೋರ್‌ವೆಲ್ ನೀರಿಗೆಲ್ಲ ಬಾಯಿ ಹಚ್ಚಬೇಡ, ಊರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೋ. ಚೈತ್ರ, ವೈಶಾಖದಲ್ಲಿ ಎಂಟು ಗಂಟೆಯೊಳಗೆ ಮನೆ ಸೇರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಬಂದ ಮೇಲೆ ಒಂದು ತಾಸಿನೊಳಗೆ ಸರಿಯಾದ ಊಟ ಮಾಡು. ಭಜಿಯಿಂದ ಹೊಟ್ಟೆ ತುಂಬುತ್ತದೆ, ಸ್ನಾಯು ರಿಪೇರಿ ಆಗುವುದಿಲ್ಲ. ಬ್ಯಾಳಿ, ಮೊಸರು, ಮೊಳಕೆ ಹೆಸರು, ತಿನ್ನುವವಳಾದ್ದರಿಂದ ಎರಡು ತತ್ತಿ. ಬೇಕಾದಷ್ಟು ರೊಟ್ಟಿ, ಪುಂಡಿಪಲ್ಯ ಈಗ ಉಣ್ಣು, ಮೇಲೆ ಶೇಂಗಾ ಹಿಂಡಿ ಉದುರಿಸಿಕೋ. ಆದರೆ ಊಟದ ಬೆನ್ನಿಗೇ ಚಾ ಕುಡಿಯುವ ಚಟ ಬಿಡು. ಚಹಾದ ಒಗರು ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಒಂದು ತಾಸು ತಡೆದು ಕುಡಿ, ಊಟಕ್ಕೆ ಲಿಂಬಿ ಹಿಂಡಿಕೋ. ಹೋದ ವರ್ಷ ನಿನ್ನ ರಕ್ತ ಕಡಿಮೆ ಇದೆ ಅಂತ ಡಾಕ್ಟರು ಹೇಳಿದ್ದು ನಿನ್ನ ಅಪ್ಪನಿಗೆ ಮರೆತಿರಬಹುದು, ನನಗೆ ಮರೆತಿಲ್ಲ. ಇನ್ನೊಮ್ಮೆ ತಪಾಸಣೆ ಮಾಡಿಸು. ರಕ್ತ ಕಡಿಮೆಯಿದ್ದರೆ ಯಾವ ಬುತ್ತಿ ಕಟ್ಟಿದರೂ ದಿನ್ನೆ ಹತ್ತುವಾಗ ದಮ್ಮು ಬರುತ್ತದೆ.

ಒಮ್ಮೊಮ್ಮೆ ಮಿರ್ಚಿ ತಿನ್ನು ಮಾರಾಯ್ತಿ, ಅದನ್ನು ಬಿಡು ಅಂದರೆ ನಾನೇ ಬಿಡಬೇಕಾಗುತ್ತದೆ. ಆರರ ಬದಲು ಎರಡು.

ಈ ರವಿವಾರ ಬರುವುದಾದರೆ ಶನಿವಾರ ಸಂಜೆಯೇ ಫೋನ್ ಮಾಡು, ನಿನ್ನ ಕಾಕಿ ಮಜ್ಜಿಗೆ ಕಡೆದು ಗಡಿಗೆಯಲ್ಲಿಡುತ್ತಾಳೆ. ಊರ ಅಗಸಿಯ ತನಕ ನಾನೂ ನನ್ನ ಹಳೇ ಸೈಕಲ್ ತಗೊಂಡು ಎದುರು ಬರುತ್ತೇನೆ. ಗಾಳಿ ಹೊಡೆಯುವ ನಿನ್ನ ಪಂಪು ಮರೆಯದೆ ತಾ.

ನಿನ್ನ ಕಾಕಾ