ಬಿಳಿಯ ಗೆರೆಯೊಂದರ ಸುಳಿವು

ಭಾರತದಲ್ಲಿ ಟೆಲಿವಿಷನ್ ಪ್ರಸಾರ ಮೊದಲಾದುದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. 1975-76ರಲ್ಲಿ ಉಪಗ್ರಹದ ಮೂಲಕ ನಡೆದ ಪ್ರಯೋಗದಿಂದಾಗಿ ಇಂದಿನ ರಾಯಚೂರು, ವಿಜಯಪುರ, ಕಲಬುರಗಿ ಸೀಮೆಯ ಹಳ್ಳಿಗರೂ ಆ ಪೆಟ್ಟಿಗೆಯ ಮುಂದೆ ಕುಳಿತು ನೋಡಿದರು. ಮುಂದೆ ಎಂಟು-ಹತ್ತು ವರ್ಷಗಳಲ್ಲಿ, ಮರದ ಕವಚ ಮತ್ತು ಎಳೆದು ಮುಚ್ಚುವ ಬಾಗಿಲುಗಳುಳ್ಳ ಕಪ್ಪು-ಬಿಳುಪಿನ ಪೆಟ್ಟಿಗೆ ಪಟ್ಟಣದ ಮನೆಗಳ ನಡುಮನೆಯನ್ನು ಸೇರಿತು. ಅವುಗಳಲ್ಲಿ ಅಳಿದುಳಿದವು ಈಗ ಅಟ್ಟದ ಮೇಲಿವೆ. ಅವಕ್ಕೆ ಮರಳಿ ಜೀವ ತುಂಬುವ ಹವ್ಯಾಸಿಗಳೂ ಉಂಟು.

ಹೊಸಬನು ಮಾಡುವ ಮೊದಲ ಕೆಲಸವೆಂದರೆ ಪೆಟ್ಟಿಗೆಗೆ ವಿದ್ಯುತ್ತನ್ನು ಕೊಟ್ಟು ನೋಡುವುದು. ಅನುಭವಿಯು ಕಟ್ಟಕಡೆಗೆ ಮಾಡುವ ಕೆಲಸವೂ ಅದೇ. ಒಳಗಿನ ಕೆಪ್ಯಾಸಿಟರುಗಳಲ್ಲಿ ಅಲ್ಯೂಮಿನಿಯಂ ಹಾಳೆಗಳ ನಡುವೆ ಒಂದು ದ್ರವವಿರುತ್ತದೆ. ದಶಕಗಳ ಕಾಲ ಸುಮ್ಮನಿದ್ದಾಗ ಅದು ಒಣಗುತ್ತದೆ. ಹಾಳೆಯ ಮೇಲಿನ ರಕ್ಷಕ ಪದರವೂ ಕ್ಷೀಣಿಸುತ್ತದೆ. ಒಮ್ಮೆಲೇ 230 ವೋಲ್ಟ್ ಹರಿಸಿದರೆ ಕೆಪ್ಯಾಸಿಟರು ಕಾದು ಸಿಡಿಯಬಹುದು, ತನ್ನೊಡನೆ ಬೇರೆ ಭಾಗಗಳನ್ನೂ ಕೆಡಿಸಬಹುದು. ಆದ್ದರಿಂದ ಬಲ್ಲವರು ಮೊದಲು ಧೂಳು ಕೊಡವಿ, ಉಬ್ಬಿದ, ಸೋರಿದ ಭಾಗಗಳನ್ನು ಬದಲಿಸುತ್ತಾರೆ. ಅನಂತರ ಒಂದು ಸಾಧಾರಣ ಬಲ್ಬನ್ನು ಸರಣಿಯಲ್ಲಿ ಜೋಡಿಸಿ ವಿದ್ಯುತ್ತು ಕೊಡುತ್ತಾರೆ. ಬಲ್ಬು ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆಯೆಂದು ತಿಳಿಯಬೇಕು.

ಇನ್ನು ಪರದೆಯನ್ನು ಓದುವ ಕೆಲಸ. ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳ ಒಂದು ಕಿರಣವು ಪರದೆಯ ಮೇಲೆ ಗೆರೆ ಎಳೆಯುತ್ತ ಚಿತ್ರವನ್ನು ಬರೆಯುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಚಿತ್ರವೊಂದಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಕಿರಣವನ್ನು ಅಡ್ಡಕ್ಕೆ ಓಡಿಸಲು ಒಂದು ಮಂಡಲ, ಮೇಲಿನಿಂದ ಕೆಳಕ್ಕೆ ಇಳಿಸಲು ಇನ್ನೊಂದು. ಪರದೆಯ ನಟ್ಟನಡುವೆ ಒಂದೇ ಒಂದು ಬಿಳಿಯ ಅಡ್ಡಗೆರೆ ಕಂಡಿತೆನ್ನೋಣ. ಕಿರಣವು ಅಡ್ಡಕ್ಕೆ ಓಡುತ್ತಿದೆ, ಕೆಳಕ್ಕೆ ಇಳಿಯುತ್ತಿಲ್ಲ ಎಂದರ್ಥ. ದೋಷ ಎರಡನೆಯ ಮಂಡಲದಲ್ಲಿದೆ. ಉಳಿದುದನ್ನು ಬಿಚ್ಚುವ ಅಗತ್ಯವಿಲ್ಲ. ಹಾಗಾದರೆ ಅಡ್ಡ ಮಂಡಲ ಕೆಟ್ಟಾಗ ಲಂಬವಾದ ಗೆರೆ ಕಾಣಬೇಕಲ್ಲವೆ? ಸಾಮಾನ್ಯವಾಗಿ ಕಾಣುವುದಿಲ್ಲ. ಟ್ಯೂಬಿಗೆ ಬೇಕಾದ ಸಾವಿರಾರು ವೋಲ್ಟುಗಳ ಒತ್ತಡವೂ ಆ ಮಂಡಲದಿಂದಲೇ ಹುಟ್ಟುತ್ತದೆ. ಅದು ಕೆಟ್ಟರೆ ಬೆಳಕೇ ಇಲ್ಲ. ಕತ್ತಲ ಪರದೆಯ ಹಿಂದಿನಿಂದ ಧ್ವನಿ ಮಾತ್ರ ಕೇಳಿಬರಬಹುದು.

ಈ ಒತ್ತಡವೇ ದೊಡ್ಡ ಅಪಾಯ. ಪ್ಲಗ್ ಕಿತ್ತಮೇಲೂ ಟ್ಯೂಬು ವಿದ್ಯುತ್ತನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಒಳಗಿನ ಲೋಹದ ಚೌಕಟ್ಟಿಗೇ ಮನೆಯ ವಿದ್ಯುತ್ತಿನ ಸಂಪರ್ಕವಿರುತ್ತದೆ. ಗಾಜಿನ ಒಳಗೆ ನಿರ್ವಾತವಿರುವುದರಿಂದ, ಪೆಟ್ಟು ಬಿದ್ದರೆ ಅದು ಚೂರುಚೂರಾಗಿ ಎರಚೀತು. ಆದಕಾರಣ ಹಿಂಬದಿಯ ಮುಚ್ಚಳವನ್ನು ತೆಗೆಯುವುದು ತರಬೇತಿ ಪಡೆದವರಿಗೆ ಮಾತ್ರ ತಕ್ಕ ಕೆಲಸ. ವಿದ್ಯಾರ್ಥಿಗಳು ಅದಕ್ಕೆ ಕೈಹಾಕಲಾಗದು.

ಕೆಪ್ಯಾಸಿಟರು ಹೊಸದು ಸಿಗುತ್ತದೆ. ಸವೆದ ಪಿಕ್ಚರ್ ಟ್ಯೂಬಿಗೆ ಬದಲಿ ಸಿಗುವುದು ದುರ್ಲಭ. ಕೆಲವರು ಹಳೆಯ ಕೆಪ್ಯಾಸಿಟರಿನ ಕವಚದೊಳಗೆ ಹೊಸದನ್ನು ಅಡಗಿಸಿ ಒಳನೋಟವನ್ನೂ ಮೊದಲಿನಂತೆಯೇ ಉಳಿಸುತ್ತಾರೆ. ಇದು ಅತಿಯಾಯಿತೆಂದು ನಗುವವರಿದ್ದಾರೆ. ಆದರೆ ಮರದ ಕವಚವನ್ನಷ್ಟೇ ಉಳಿಸಿ, ಒಳಗೆ ಹೊಸ ಚಪ್ಪಟೆ ಪರದೆಯನ್ನು ಕೂರಿಸುವುದಕ್ಕಿಂತ ಇದು ಎಷ್ಟೋ ಲೇಸು.

ಎಲ್ಲವೂ ಸರಿಯಾದ ಮೇಲೆ ಆಂಟೆನಾ ಜೋಡಿಸಿದರೆ ಪರದೆಯ ತುಂಬ ಬಿಳಿಚುಕ್ಕೆಗಳು ಕುಣಿಯುತ್ತವೆ, 'ಸ್' ಎಂಬ ಸದ್ದು ಬರುತ್ತದೆ. ಹೊಸಬನು ಗಾಬರಿಯಿಂದ ಮತ್ತೆ ಪೆಟ್ಟಿಗೆಯನ್ನು ಬಿಚ್ಚತೊಡಗುವುದು ಇಲ್ಲಿಯೇ. ಪೆಟ್ಟಿಗೆಯಲ್ಲಿ ದೋಷವಿಲ್ಲ; ಅದು ಹಿಡಿಯಬಲ್ಲ ಅನಲಾಗ್ ಪ್ರಸಾರವನ್ನು ದೇಶದ ಬಹುತೇಕ ಕಡೆ ನಿಲ್ಲಿಸಲಾಗಿದೆ. ಇಂದಿನ ಸೆಟ್‌ಟಾಪ್ ಬಾಕ್ಸಿಗೂ ಪೆಟ್ಟಿಗೆಗೂ ನಡುವೆ ಮಾಡ್ಯುಲೇಟರ್ ಎಂಬ ಸಣ್ಣ ಸಾಧನವನ್ನಿಟ್ಟು ಗುಂಡಿಯನ್ನು ತಿರುಗಿಸಿದರೆ, ಚುಕ್ಕೆಗಳ ನಡುವಿನಿಂದ ಮೆಲ್ಲನೆ ಚಿತ್ರ ಮೂಡಿಬರುತ್ತದೆ.